ತಿರಸ್ಕಾರದ ಕಾಗದವೇ ಕೊನೆಯ ಮಾತಲ್ಲ

ಕಾಫಿ ಕುಯ್ಲು ಬಂತೆಂದರೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಆಳುಗಳು ಗಂಟುಮೂಟೆ ಕಟ್ಟಿಕೊಂಡು ಮಲೆನಾಡಿಗೆ ಬರುತ್ತಾರೆ. ಕುಯ್ಲು ಮುಗಿದ ಮೇಲೆ ಮರಗಸಿಗೂ ಕೆಲವರು ನಿಲ್ಲುವುದುಂಟು. ಅವರಲ್ಲೊಬ್ಬ ಮರದಿಂದ ಬಿದ್ದರೆ ನಾವು ಆಸ್ಪತ್ರೆಗೆ ಸೇರಿಸುತ್ತೇವೆ, ಕೈಖರ್ಚಿಗೆ ಕೊಟ್ಟು ಬಸ್ಸು ಹತ್ತಿಸುತ್ತೇವೆ. ಅಲ್ಲಿಗೆ ನಮ್ಮ ಹೊಣೆ ತೀರಿತೆಂದು ಭಾವಿಸುತ್ತೇವೆ. ಅವನ ಕಷ್ಟ ಶುರುವಾಗುವುದೇ ಊರು ಮುಟ್ಟಿದ ಮೇಲೆ.

ಅಂಗವಿಕಲರ ಮಾಸಾಶನಕ್ಕೆ ಕನಿಷ್ಠ ಶೇಕಡ 40ರಷ್ಟು ಊನವಿದೆಯೆಂಬ ವೈದ್ಯರ ಪ್ರಮಾಣಪತ್ರ ಬೇಕು. 35 ಎಂದು ಬರೆದರೆ ಅರ್ಜಿ ತಿರಸ್ಕೃತ. ಆ ಕಾಗದ ಹಿಡಿದು ಎಷ್ಟೋ ಮಂದಿ ಮನೆಯಲ್ಲಿ ಕುಳಿತುಬಿಡುತ್ತಾರೆ. ಕಾನೂನು ಅಲ್ಲಿಗೇ ನಿಂತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 59ನೆಯ ಕಲಮಿನಂತೆ ಆ ಪ್ರಮಾಣಪತ್ರದ ಮೇಲೆ ಅಪೀಲು ಹೋಗಬಹುದು. ಪ್ರಮಾಣಪತ್ರವನ್ನೇ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕೆಂದು ನಿಯಮವಿದೆ.

ಅಪೀಲಿನಲ್ಲೂ ನ್ಯಾಯ ಸಿಗದಿದ್ದರೆ ಸಂವಿಧಾನದ 226ನೆಯ ವಿಧಿಯಂತೆ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. ರಾಯಚೂರು ಜಿಲ್ಲೆಯವರು ಅದಕ್ಕಾಗಿ ಬೆಂಗಳೂರಿಗೆ ಅಲೆಯಬೇಕಿಲ್ಲ. ಕಲಬುರಗಿಯಲ್ಲಿ 2008ರಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ವಕೀಲರ ಫೀಜಿಗೂ ಅಂಜಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಮು ಅಂಗವಿಕಲರಿಗೆ ಉಚಿತ ನೆರವು ಕೊಡುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಹಾಕಿದರೆ ಸಾಕು.

ಹೈಕೋರ್ಟು ತಾನೇ ಊನವನ್ನು ಅಳೆಯುವುದಿಲ್ಲ. ಕಾರಣವಿಲ್ಲದ ಆಜ್ಞೆಯನ್ನು ರದ್ದುಮಾಡಿ, ಮತ್ತೆ ಪರೀಕ್ಷಿಸಿರೆಂದು ಹೇಳಬಹುದು. ಆಗ ಮಾತನಾಡುವುದು ಕಾಗದಪತ್ರ. ಮೊದಲ ಎಕ್ಸ್‌ರೇ, ಆಸ್ಪತ್ರೆಯ ಚೀಟಿ, ಬಿದ್ದ ದಿನದ ಹಾಜರಿ, ಇವೆಲ್ಲ ಇರುವುದು ಮಸ್ಕಿಯಲ್ಲಲ್ಲ, ನಮ್ಮಲ್ಲಿ.

"ಮಾಸಾಶನ ಸರ್ಕಾರದ್ದು, ನಮಗೇನು?" ಎನ್ನುವ ಬೆಳೆಗಾರರಿದ್ದಾರೆ. ಮಾಸಾಶನ ಬೇರೆ, ಮಾಲೀಕ ಕೊಡಬೇಕಾದ ಪರಿಹಾರ ಬೇರೆ. ಒಂದನ್ನು ತೋರಿಸಿ ಇನ್ನೊಂದರಿಂದ ನುಣುಚಿಕೊಳ್ಳುವುದು ತರವಲ್ಲ. ಮೊಣಕೈ ಮೇಲಕ್ಕೆ ಎಡಗೈ ಕಳೆದುಕೊಂಡ ಬಡಗಿಯೊಬ್ಬನ ಮೊಕದ್ದಮೆಯಲ್ಲಿ, ಊನ ಭಾಗಶಃ ಮಾತ್ರವೆಂದು ಮಾಲೀಕರು ವಾದಿಸಿದ್ದರು. ಒಂದೇ ಕೈಯಲ್ಲಿ ಬಡಗಿ ಕೆಲಸ ಆಗದು, ಆದ್ದರಿಂದ ಅವನ ದುಡಿಮೆಯ ಶಕ್ತಿ ಪೂರ್ತಿ ಹೋದಂತೆಯೇ ಎಂಬ ತೀರ್ಮಾನವನ್ನು ಸುಪ್ರೀಂ ಕೋರ್ಟು 1975ರಲ್ಲಿ ಎತ್ತಿಹಿಡಿಯಿತು. ಬೆನ್ನು ಮುರಿದವನು ಮತ್ತೆ ಮರ ಏರಬಲ್ಲನೇ ಎಂದು ನಾವೂ ಕೇಳಿಕೊಳ್ಳಬೇಕು.

ಇದು ಆಳಿನ ಪಾಡು ಮಾತ್ರವಲ್ಲ. ಕೊನೆ ತೆಗೆಯಲು ಆಳು ಸಿಗದೆ ತಾವೇ ಅಡಿಕೆ ಮರ ಏರುವ ಸಣ್ಣ ಹಿಡುವಳಿದಾರರು ನಮ್ಮಲ್ಲಿ ಕಡಮೆಯಿಲ್ಲ. ಅವರು ಬಿದ್ದರೆ ಪರಿಹಾರ ಕೇಳಲು ಮೇಲೊಬ್ಬ ಮಾಲೀಕನಿಲ್ಲ. ಹಿಡಿಯಬೇಕಾದ್ದು ಇದೇ ದಾರಿ.

ಆದ್ದರಿಂದ ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೆ. ಗಾಯಗೊಂಡ ಆಳನ್ನು ಬಸ್ಸು ಹತ್ತಿಸುವ ಮೊದಲು ಆಸ್ಪತ್ರೆಯ ಎಲ್ಲ ಕಾಗದಗಳನ್ನೂ ಹಾಜರಿ ಪುಸ್ತಕದ ಆ ಪುಟದ ನಕಲನ್ನೂ ಅವನ ಕೈಗೆ ಕೊಡಿ. ತಿರಸ್ಕಾರದ ಕಾಗದ ಬಂದರೆ ತಿಳಿಸೆಂದು ಹೇಳಿ ಕಳಿಸಿ. ಕೈಖರ್ಚಿನ ದುಡ್ಡು ವಾರದಲ್ಲಿ ಕರಗೀತು. ಈ ಕಾಗದಗಳು ಅವನ ಮನೆಯ ಒಲೆಯನ್ನು ವರ್ಷಗಟ್ಟಲೆ ಉರಿಸಬಲ್ಲವು.