ಅರ್ಜಿ ಫ್ರೀ, ಆಕಾಶಕ್ಕೆ ಮಾತ್ರ 45 ಲಕ್ಷ

ಮೊನ್ನೆ ಸಭೆ ಮುಗಿಸಿ ಹಾಸ್ಟೆಲ್ ಗೇಟಿನ ಹತ್ರ ನಿಂತಿದ್ವಿ. ಬಿಎಸ್ಸಿ ಎರಡನೇ ವರ್ಷದ ಹುಡುಗಿಯೊಬ್ಬಳು ಬಂದು, "ಅಣ್ಣಾ, ಡಿಗ್ರಿ ಓದ್ತಾ ಓದ್ತಾನೇ ಪೈಲಟ್ ಆಗೋಕೆ ತಯಾರಿ ಮಾಡ್ಕೋಬಹುದಾ?" ಅಂತ ಕೇಳಿದ್ಲು. ಜೊತೆಗಿದ್ದ ಸಂಗಾತಿಯೊಬ್ಬರು ನಕ್ಕುಬಿಟ್ಟರು. "ಮೊದಲು ಎಫ್‌ಡಿಎ ಬರಿಯಮ್ಮಾ" ಅಂದ್ರು. ಆ ಹುಡುಗಿ ತಲೆ ತಗ್ಗಿಸಿಕೊಂಡು ಒಳಗೆ ಹೋದ್ಲು. ನಾನೂ ಸುಮ್ಮನೆ ನಿಂತಿದ್ದೆ. ಆ ನಗುವಿಗೂ ನನ್ನ ಮೌನಕ್ಕೂ ಉತ್ತರವಾಗಿ ಇದನ್ನ ಬರೀತಿದ್ದೀನಿ.

ನಾನೂ ಗುಮಾಸ್ತನೇ. ಆ ಕೆಲಸದ ಬಗ್ಗೆ ನನಗೆ ಕೀಳರಿಮೆ ಇಲ್ಲ, ಅದು ನನ್ನ ಮನೆಗೆ ಅನ್ನ ಹಾಕಿದೆ. ಆದ್ರೆ ನಮ್ಮ ಮಕ್ಕಳ ಕನಸಿಗೆ ತಾಲ್ಲೂಕು ಕಚೇರಿ ಕಾಂಪೌಂಡೇ ಗಡಿ ಅಂತ ನಾವೇ ಗೆರೆ ಎಳೆದ್ರೆ, ಊರಿನ ಗೌಡನಿಗೂ ನಮಗೂ ಏನು ವ್ಯತ್ಯಾಸ?

ಆ ತಂಗಿಗೆ ಉತ್ತರ: ಖಂಡಿತ ಆಗಬಹುದು. ವಾಣಿಜ್ಯ ಪೈಲಟ್ ಲೈಸೆನ್ಸಿಗೆ ಡಿಗ್ರಿಯೇ ಬೇಕಿಲ್ಲ. 18 ವರ್ಷ ತುಂಬಿರಬೇಕು, ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇರಬೇಕು. ಆರ್ಟ್ಸ್, ಕಾಮರ್ಸ್ ಮಕ್ಕಳು ಆ ಎರಡು ವಿಷಯವನ್ನ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಕಟ್ಟಿ ಪಾಸ್ ಮಾಡ್ಕೋಬಹುದು. ವೈದ್ಯಕೀಯ ಪರೀಕ್ಷೆ, ಡಿಜಿಸಿಎ ಪರೀಕ್ಷೆಗಳು, 200 ಗಂಟೆ ಹಾರಾಟ. ಇಂಗ್ಲಿಷ್ ಬೇಕು, ನಿಜ. ಆದ್ರೆ ರೇಡಿಯೋದಲ್ಲಿ ಬಳಸೋ ಮಾತು ಬಹುಪಾಲು ಗೊತ್ತುಪಡಿಸಿದ ವಾಕ್ಯಗಳು. ಕನ್ನಡ ಮೀಡಿಯಂ ಮಕ್ಕಳು ಅದಕ್ಕೆ ಹೆದರಬೇಕಾಗಿಲ್ಲ.

ಹೆದರಬೇಕಾಗಿರೋದು ದುಡ್ಡಿಗೆ.

ಅಮೇಥಿ ಜಿಲ್ಲೆಯ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರ್ಕಾರದ್ದೇ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಇದೆ. ಅಲ್ಲಿ ಎಸ್‌ಸಿ, ಎಸ್‌ಟಿ ಸೀಟು ಇವೆ. ಬೇರೆಯವರಿಗೆ 12 ಸಾವಿರ ಇರೋ ಅರ್ಜಿ ಶುಲ್ಕ ನಮಗೆ ಮಾಫಿ. ಎಂಥ ಔದಾರ್ಯ! ಸೀಟು ಸಿಕ್ಕ ಮೇಲೆ ಕೋರ್ಸ್ ಫೀಸು ಸುಮಾರು 45 ಲಕ್ಷ. ಅದರ ಮೇಲೆ ಊಟ, ವಸತಿ. ಆಮೇಲೆ ದೊಡ್ಡ ವಿಮಾನದ ಟೈಪ್ ರೇಟಿಂಗ್‌ಗೆ ಮತ್ತೆ ಹತ್ತಾರು ಲಕ್ಷ.

ಮ್ಯಾಟ್ರಿಕ್ ನಂತರದ ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಪೈಲಟ್ ಕೋರ್ಸಿನ ಹೆಸರಿದೆ. ಕುಟುಂಬದ ಆದಾಯ ವರ್ಷಕ್ಕೆ ಎರಡೂವರೆ ಲಕ್ಷ ದಾಟಬಾರದು. ಲೆಕ್ಕ ಹಾಕಿ: ಅಂಥ ಮನೆಯವರು ಉಣ್ಣದೆ ಉಡದೆ 18 ವರ್ಷ ಕೂಡಿಟ್ಟರೆ 45 ಲಕ್ಷ! ಕೇಂದ್ರದ ಟಾಪ್ ಕ್ಲಾಸ್ ಯೋಜನೆಯಲ್ಲಿ ಖಾಸಗಿ ಫ್ಲೈಯಿಂಗ್ ಕ್ಲಬ್ಬಿಗೆ ಇಟ್ಟ ಮಿತಿ ವರ್ಷಕ್ಕೆ 3.72 ಲಕ್ಷ. ಬ್ಯಾಂಕಿಗೆ ಹೋದ್ರೆ, ಏಳೂವರೆ ಲಕ್ಷ ದಾಟಿದ ಸಾಲಕ್ಕೆ ಅಡಮಾನ ಕೇಳ್ತಾರೆ. ಏನನ್ನ ಇಡೋಣ? ಜನತಾ ಮನೆಯನ್ನಾ?

ಇಷ್ಟಾದ ಮೇಲೂ ಕೆಲವರ ಕುಹಕ ಇದ್ದೇ ಇದೆ: "ರಿಸರ್ವೇಶನ್ ಪೈಲಟ್ ಓಡಿಸೋ ವಿಮಾನ ಹತ್ತುತ್ತೀರಾ?" ಸ್ವಾಮಿ, ಡಿಜಿಸಿಎ ಪರೀಕ್ಷೆ ಪಾಸಾಗೋಕೆ ಶೇ. 70 ಅಂಕ ಬೇಕು. ಲೈಸೆನ್ಸಿಗೆ 200 ಗಂಟೆ ಹಾರಬೇಕು. ಜಾತಿ ಸರ್ಟಿಫಿಕೇಟ್ ತೋರಿಸಿದ್ರೆ ಒಂದು ಗಂಟೆಯೂ ಕಡಿಮೆ ಆಗಲ್ಲ. ಏರ್ ಇಂಡಿಯಾ 2022ರ ಜನವರಿಯಲ್ಲಿ ಟಾಟಾ ಕೈಗೆ ಹೋಯ್ತು, ಖಾಸಗಿ ಕಂಪನಿಗಳಲ್ಲಿ ಮೀಸಲಾತಿಯೇ ಇಲ್ಲ. ಹಾಗಾದ್ರೆ ಕಾಕ್‌ಪಿಟ್ಟಿನ ಬಾಗಿಲಲ್ಲಿ ಮಕ್ಕಳನ್ನ ಸೋಸ್ತಿರೋದು ಏನು? ಅಪ್ಪನ ಆಸ್ತಿ. ಅದಕ್ಕೆ ನೀವಿಟ್ಟ ಹೆಸರು ಮೆರಿಟ್.

ಸರ್ಕಾರದ ಹತ್ರ ದುಡ್ಡಿಲ್ಲ ಅನ್ನಬೇಡಿ. ವರ್ಷಕ್ಕೆ 100 ಮಕ್ಕಳಿಗೆ ತಲಾ 60 ಲಕ್ಷ ಅಂದ್ರೂ 60 ಕೋಟಿ. 2023-24ರಲ್ಲಿ ಎಸ್‌ಸಿಎಸ್‌ಪಿ, ಟಿಎಸ್‌ಪಿ ಹಣದಲ್ಲಿ 11 ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿಗಳ ಲೆಕ್ಕಕ್ಕೆ ಹೋಯ್ತು. ಗ್ಯಾರಂಟಿ ಬೇಡ ಅಂತ ನಾನು ಹೇಳ್ತಿಲ್ಲ, ನಮ್ಮಮ್ಮನೂ ಫ್ರೀ ಬಸ್ಸಲ್ಲೇ ಓಡಾಡ್ತಾಳೆ. ಎಲ್ಲರ ಬಸ್ಸಿಗೆ ಎಲ್ಲರ ತೆರಿಗೆ ಇದೆ. ನಮ್ಮ ಮಕ್ಕಳ ಪಾಲಿನ ದುಡ್ಡಿಗೆ ಯಾಕೆ ಕೈ ಹಾಕ್ತೀರಿ?

ಬಾಬಾಸಾಹೇಬರು 1913ರಲ್ಲಿ ಕೊಲಂಬಿಯಾಗೆ ಹೋಗಿದ್ದು ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಲ್ಲಿ. ಒಬ್ಬ ರಾಜ ಅವತ್ತು ಮಾಡಿದ್ದನ್ನ, ಬಾಬಾಸಾಹೇಬರ ಸಂವಿಧಾನದ ಮೇಲೆ ಪ್ರಮಾಣ ಮಾಡಿದ ಸರ್ಕಾರ ಇವತ್ತು ಮಾಡಲಿ. ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ್ದೇ ವೈಮಾನಿಕ ತರಬೇತಿ ಶಾಲೆ ಇದೆ. ನಮ್ಮ ಒತ್ತಾಯ ಮೂರು: ಅಲ್ಲಿ ಸೀಟು ಪಡೆದ ನಮ್ಮ ಮಕ್ಕಳ ಪೂರ್ತಿ ಖರ್ಚು ಟೈಪ್ ರೇಟಿಂಗ್ ಸಮೇತ ಸಮಾಜ ಕಲ್ಯಾಣ ಇಲಾಖೆ ಕಟ್ಟಬೇಕು. ಕಂತು ಮೊದಲೇ ಬಿಡುಗಡೆ ಆಗಬೇಕು, ಯಾಕಂದ್ರೆ ಮಧ್ಯದಲ್ಲಿ ಹಾರಾಟ ನಿಂತರೆ ಕಲಿತದ್ದೂ ಕೈಬಿಡುತ್ತೆ. ಈ ಮಾಹಿತಿ ಪ್ರತಿ ಹಾಸ್ಟೆಲ್ ನೋಟಿಸ್ ಬೋರ್ಡಿಗೆ ಬರಬೇಕು.

ಅಲ್ಲಿವರೆಗೂ ತಂಗಿ, ಕಾಲೇಜಲ್ಲಿದ್ದಾಗಲೇ ಸಾವಿರಗಳಲ್ಲಿ ಆಗೋ ಕೆಲಸ ಮುಗಿಸ್ಕೋ. ಮೊದಲು ಕ್ಲಾಸ್ 2, ಕ್ಲಾಸ್ 1 ವೈದ್ಯಕೀಯ ಪರೀಕ್ಷೆ ಮಾಡಿಸು. ಬೆಂಗಳೂರಿನ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲೂ ಅದು ಆಗುತ್ತೆ. ಆಮೇಲೆ ಸೀನಿಯರ್‌ಗಳ ಹಳೇ ಪುಸ್ತಕ ಹಿಡಿದು ನ್ಯಾವಿಗೇಶನ್, ಹವಾಮಾನ, ರೆಗ್ಯುಲೇಶನ್ ಓದು. ಅಡ್ವಾನ್ಸ್ ಕಟ್ಟಿ ಅನ್ನೋ ಏಜೆಂಟರ ಮಾತಿಗೆ ಅಪ್ಪನ ಜಮೀನು ಮಾರಿಸಬೇಡ. ಲಕ್ಷಗಳನ್ನ ಸರ್ಕಾರದಿಂದ ಕಟ್ಟಿಸೋದು ನಮ್ಮ ಹೋರಾಟದ ಕೆಲಸ.

ಈ ಭಾನುವಾರ ಅದೇ ಹಾಸ್ಟೆಲ್‌ಗೆ ಹೋಗ್ತಿದ್ದೀನಿ. ಅವತ್ತು ನಕ್ಕ ಸಂಗಾತಿಯನ್ನೂ ಕರ್ಕೊಂಡು ಹೋಗ್ತೀನಿ. ಮನವಿ ಪತ್ರ ಸಿದ್ಧವಿದೆ, ಸಹಿ ಹಾಕೋರು ಬನ್ನಿ.

ಜೈ ಭೀಮ್.