ಕರಗುವ ತೊಟ್ಟೆ ಎಲ್ಲಿ ಕರಗುತ್ತದೆ?



ಕಳೆದ ವರ್ಷ ಸಾಂತ್‌ಮಾರಿ ಹಬ್ಬದ ಊಟಕ್ಕೆ ನಾವು ಹೊಸ ಕ್ರಮವೊಂದನ್ನು ಮಾಡಿದ್ದೆವು. ಪ್ಲಾಸ್ಟಿಕ್ ಬೇಡವೆಂದು ನಿರ್ಧರಿಸಿ, 'ಮಣ್ಣಿನಲ್ಲಿ ಕರಗುತ್ತದೆ' ಎಂದು ಹಸಿರು ಅಕ್ಷರದಲ್ಲಿ ಬರೆದಿದ್ದ ತೊಟ್ಟೆಗಳನ್ನೂ ಲೋಟಗಳನ್ನೂ ತರಿಸಿದೆವು. ಬೆಲೆ ಹೆಚ್ಚಾದರೂ ಸಂತೋಷದಿಂದಲೇ ಕೊಟ್ಟೆವು. ಊಟದ ಬಳಿಕ ಎಲ್ಲವನ್ನೂ ಇಗರ್ಜಿಯ ಹಿಂದಿನ ಗೊಬ್ಬರದ ಗುಂಡಿಗೆ ಹಾಕಿ, ಮೇಲೆ ಸೊಪ್ಪು, ಸೆಗಣಿ ಹರಡಿ ಮಣ್ಣು ಮುಚ್ಚಿದೆವು.

ಮಳೆಗಾಲ ಕಳೆದು ತೆಂಗಿನ ಬುಡಕ್ಕೆ ಗೊಬ್ಬರ ಹಾಕಲೆಂದು ಗುಂಡಿ ತೆಗೆದಾಗ ಸೊಪ್ಪು ಕಪ್ಪು ಗೊಬ್ಬರವಾಗಿತ್ತು. ಬಾಳೆ ಎಲೆ ಇದ್ದ ಗುರುತೇ ಇರಲಿಲ್ಲ. ತೊಟ್ಟೆಗಳು ಮಾತ್ರ ಹಾರೆಯ ತುದಿಗೆ ಸಿಕ್ಕಿಕೊಂಡು ಎದ್ದು ಬಂದವು. ಕೆಲವು ಹರಿದು ಚೂರಾಗಿದ್ದವು, ಅಷ್ಟೆ. ಹಾರೆ ಹಿಡಿದಿದ್ದ ಹಿರಿಯರೊಬ್ಬರು ನಮ್ಮ ಮುಖ ನೋಡಿ, "ಫಾದರ್, ಇದು ಕರಗ್ತದೆ ಅಂತ ನೀವೇ ಪ್ರಸಂಗದಲ್ಲಿ ಹೇಳಿದ್ದಲ್ವಾ?" ಎಂದು ಕೇಳಿದರು. ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಆ ಬಳಿಕ ಓದಿ, ತಿಳಿದವರನ್ನು ಕೇಳಿ ಅರಿತುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಕೇರಳದಲ್ಲಿ 2020ರ ಜನವರಿ 1ರಿಂದಲೂ, ದೇಶಾದ್ಯಂತ 2022ರ ಜುಲೈ 1ರಿಂದಲೂ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧ ಬಂತು. ಅದು ಸರಿಯಾದ ಕ್ರಮವೇ. ಅದರ ಬೆನ್ನಿಗೆ ಪೇಟೆಗೆ ಬಂದವು ಈ ಕರಗುವ ತೊಟ್ಟೆಗಳು. ಇವುಗಳಲ್ಲಿ ಸಾಮಾನ್ಯವಾಗಿ ಎರಡು ಮೂರು ವಸ್ತುಗಳ ಮಿಶ್ರಣವಿರುತ್ತದೆ. ಜೋಳ ಅಥವಾ ಕಬ್ಬಿನ ಸಕ್ಕರೆಯನ್ನು ಹುಳಿಬರಿಸಿ, ಅದರಿಂದ ಬರುವ ಲ್ಯಾಕ್ಟಿಕ್ ಆಮ್ಲದಿಂದ ತಯಾರಿಸುವುದು ಪಿ.ಎಲ್.ಎ. ಎಂಬ ಪ್ಲಾಸ್ಟಿಕ್. ಅದು ಗಟ್ಟಿ, ಆದರೆ ಬೇಗ ಮುರಿಯುತ್ತದೆ. ಆದುದರಿಂದ ಅದನ್ನು ಮೆದುಗೊಳಿಸಲು ಪಿ.ಬಿ.ಎ.ಟಿ. ಎಂಬ ಇನ್ನೊಂದನ್ನು ಸೇರಿಸುತ್ತಾರೆ. ಇದು ಹೆಚ್ಚಾಗಿ ಪೆಟ್ರೋಲಿಯಂ ಎಣ್ಣೆಯಿಂದಲೇ ಬರುವಂಥದ್ದು. ಆದರೂ ಸೂಕ್ಷ್ಮಜೀವಿಗಳು ತಿನ್ನಬಲ್ಲವು. ಖರ್ಚು ತಗ್ಗಿಸಲು ಜೋಳದ ಅಥವಾ ಮರಗೆಣಸಿನ ಹಿಟ್ಟನ್ನೂ ಬೆರೆಸುವುದುಂಟು.

ಈ ಮಿಶ್ರಣಕ್ಕೆ ಒಂದು ದೌರ್ಬಲ್ಯವಿದೆ. ತೇವವನ್ನೂ ಗಾಳಿಯನ್ನೂ ಅದು ಚೆನ್ನಾಗಿ ತಡೆಯುವುದಿಲ್ಲ. ಅದಕ್ಕಾಗಿ ವಿಜ್ಞಾನಿಗಳು ಕಂಡುಕೊಂಡ ಉಪಾಯವೇ ನ್ಯಾನೋ ಕಣ. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 80,000 ನ್ಯಾನೋಮೀಟರ್. ಒಂದು ಬಗೆಯ ಜೇಡಿಮಣ್ಣನ್ನು ಬಿಡಿಸಿದರೆ ಕೇವಲ ಒಂದು ನ್ಯಾನೋಮೀಟರ್ ದಪ್ಪದ ಹಾಳೆಗಳು ಸಿಗುತ್ತವೆ. ಅವನ್ನು ನೂರಕ್ಕೆ ಐದು ಪಾಲಿಗೂ ಕಡಿಮೆ ಬೆರೆಸಿದರೂ ಪ್ಲಾಸ್ಟಿಕ್ ಬಲಗೊಳ್ಳುತ್ತದೆ. ಜಪಾನಿನ ಟೊಯೋಟಾ ಕಂಪೆನಿಯ ಸಂಶೋಧಕರು 1980ರ ದಶಕದಲ್ಲಿ ನೈಲಾನಿಗೆ ಇಂಥ ಜೇಡಿ ಬೆರೆಸಿ ದಾರಿ ತೋರಿದರು. ಹೆಂಚುಗಳನ್ನು ಒಂದರ ಮೇಲೊಂದು ಹೊದಿಸಿದ ಮಾಡನ್ನು ನೆನೆಯಿರಿ. ಜೇಡಿಯ ಹಾಳೆಗಳು ಹಾಗೆಯೇ ಅಡ್ಡ ಮಲಗುತ್ತವೆ. ಗಾಳಿ, ನೀರಾವಿ ನೇರ ನುಗ್ಗಲಾರದೆ ಸುತ್ತು ದಾರಿ ಹಿಡಿಯಬೇಕಾಗುತ್ತದೆ. ಕೆಲವರು ಹುಲ್ಲು, ಮರ, ಬಾಳೆನಾರಿನಿಂದ ತೆಗೆದ ನ್ಯಾನೋ ಸೆಲ್ಯುಲೋಸ್ ಬಳಸುತ್ತಾರೆ. ಬೂಷ್ಟು ಬಾರದಂತೆ ಬೆಳ್ಳಿಯ ಅಥವಾ ಜಿಂಕ್ ಆಕ್ಸೈಡಿನ ಕಣ ಸೇರಿಸುವುದೂ ಇದೆ.

ಇದರಲ್ಲಿ ಕೃಷಿಕನಿಗೆ ಲಾಭವಿಲ್ಲವೆಂದು ನಾವು ಹೇಳುವುದಿಲ್ಲ. ನಮ್ಮ ಕರಿಮೆಣಸಿಗೆ, ಗೇರುಬೀಜದ ತಿರುಳಿಗೆ ತೇವ ತಗುಲಿದರೆ ಬೆಲೆ ಹೋಯಿತು. ಇಂದು ಅವನ್ನು ತುಂಬುವುದು ಹಲವು ಪದರಗಳನ್ನು ಅಂಟಿಸಿದ ಪ್ಯಾಕೆಟಿನಲ್ಲಿ. ಪದರಗಳನ್ನು ಬೇರ್ಪಡಿಸಲಾಗದ ಕಾರಣ ಅದನ್ನು ಮರುಬಳಕೆಗೆ ತರುವುದು ಬಹಳ ಕಷ್ಟ. ಜೇಡಿ ಬೆರೆಸಿದ ಕರಗುವ ಪ್ಯಾಕೆಟ್ ಒಂದು ದಿನ ಆ ಜಾಗಕ್ಕೆ ಬಂದರೆ ಅದು ಒಳ್ಳೆಯ ಸುದ್ದಿಯೇ. ಸಂಶೋಧನೆ ನಡೆಯಲಿ. ನಮ್ಮ ಆಕ್ಷೇಪ ಸಂಶೋಧನೆಯ ಮೇಲಲ್ಲ, ತೊಟ್ಟೆಯ ಮೇಲಿನ ಅರ್ಧ ಮಾತಿನ ಮೇಲೆ.

ಮೊದಲ ಅರ್ಧ ಮಾತು: ಕರಗುತ್ತದೆ ಎನ್ನುವುದು. ಎಲ್ಲಿ? ನಮ್ಮ ದೇಶ ಒಪ್ಪಿಕೊಂಡಿರುವ ಐ.ಎಸ್./ಐ.ಎಸ್.ಒ. 17088 ಮಾನದಂಡದ ಪ್ರಕಾರ 180 ದಿನಗಳೊಳಗೆ ವಸ್ತುವಿನ ಇಂಗಾಲದಲ್ಲಿ ಶೇಕಡಾ 90ರಷ್ಟು ಇಂಗಾಲದ ಡೈಆಕ್ಸೈಡ್ ಆಗಿ ಮಾರ್ಪಡಬೇಕು. ಆ ಪರೀಕ್ಷೆ ನಡೆಯುವುದು ಸುಮಾರು 58 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ಪಿ.ಎಲ್.ಎ. 60 ಡಿಗ್ರಿಯ ಹತ್ತಿರಕ್ಕೆ ಬಂದಾಗ ಮೆದುವಾಗುತ್ತದೆ. ಆಗ ನೀರು ಒಳಗೆ ಹೋಗಿ ಅದರ ಉದ್ದನೆಯ ಸರಪಣಿಗಳನ್ನು ಕಡಿಯುತ್ತದೆ; ಆಮೇಲೆ ಸೂಕ್ಷ್ಮಜೀವಿಗಳು ತಿನ್ನುತ್ತವೆ. ದೊಡ್ಡ ಕಾಂಪೋಸ್ಟ್ ಘಟಕಗಳಲ್ಲಿ ರಾಶಿಯನ್ನು ಮಗುಚುತ್ತಾ ಈ ಬಿಸಿಯನ್ನು ವಾರಗಟ್ಟಲೆ ಉಳಿಸುತ್ತಾರೆ. ನಮ್ಮ ಗುಂಡಿ ಮೊದಲ ಕೆಲವು ದಿನ ಬಿಸಿಯಾಗಿ, ಒಂದು ಮಳೆಗೆ ತಣ್ಣಗಾಗುತ್ತದೆ. ತಣ್ಣಗಿನ ಮಣ್ಣಿನಲ್ಲಿ ಅದೇ ವಸ್ತು ವರ್ಷಗಟ್ಟಲೆ ಉಳಿಯಬಲ್ಲದು. ಹೊಳೆ ಸೇರಿ ಕಡಲಿಗೆ ಹೋದರಂತೂ ಹೇಳುವುದೇ ಬೇಡ.

ಎರಡನೆಯ ಅರ್ಧ ಮಾತು ಇನ್ನೂ ಮುಖ್ಯ. ಆ ಶೇಕಡಾ 90ರ ಲೆಕ್ಕ ಇಂಗಾಲದ ಲೆಕ್ಕ. ಬೆಳ್ಳಿಯಲ್ಲಿ, ಜಿಂಕ್ ಆಕ್ಸೈಡಿನಲ್ಲಿ ಇಂಗಾಲವೇ ಇಲ್ಲ. ತೊಟ್ಟೆ ಪೂರ್ತಿ ಕರಗಿದರೂ ಕಣ ಮಣ್ಣಿನಲ್ಲೇ ನಿಲ್ಲುತ್ತದೆ. ಜೇಡಿ ಮಣ್ಣಿಗೆ ಮರಳಿದರೆ ಹೆಚ್ಚಿನ ಚಿಂತೆಯಿಲ್ಲ. ಸೆಲ್ಯುಲೋಸನ್ನು ಜೀವಿಗಳು ತಿಂದು ಮುಗಿಸುತ್ತವೆ. ಆದರೆ ಬೆಳ್ಳಿಯನ್ನು ಬೆರೆಸುವುದೇ ಸೂಕ್ಷ್ಮಜೀವಿಗಳನ್ನು ಕೊಲ್ಲಲು. ಪ್ಯಾಕೆಟಿನಲ್ಲಿ ಬೂಷ್ಟನ್ನು ಕೊಲ್ಲುವ ವಸ್ತು ಮಣ್ಣಿನಲ್ಲಿ ನಮ್ಮ ಮಿತ್ರರನ್ನು ಮಾತ್ರ ಉಳಿಸೀತೇ? ಜಿಂಕ್ ಗಿಡಕ್ಕೆ ತುಸು ಬೇಕು, ಅತಿಯಾದರೆ ಎರೆಹುಳಕ್ಕೂ ಬೇರಿಗೂ ವಿಷ. ಮಾನದಂಡದಲ್ಲಿ ಭಾರಲೋಹಗಳಿಗೆ ಮಿತಿ ಇದೆ, ಬೀಜ ಮೊಳೆಯುವ ಪರೀಕ್ಷೆಯೂ ಇದೆ, ಅದು ಒಳ್ಳೆಯದು. ಆದರೆ ಒಂದೇ ಅಡಿಕೆ ಬುಡಕ್ಕೆ ಇಪ್ಪತ್ತು ವರ್ಷ ಅದೇ ಗೊಬ್ಬರ ಹಾಕುವವರು ನಾವು. ಕಾಸರಗೋಡಿನ ಸಿ.ಪಿ.ಸಿ.ಆರ್.ಐ. ಸಂಸ್ಥೆಯವರು ತೆಂಗಿನ ಗರಿಯಿಂದ ಎರೆಗೊಬ್ಬರ ಮಾಡುವುದನ್ನು ಕಲಿಸಿಕೊಟ್ಟಿದ್ದಾರೆ. ಆ ಗೊಬ್ಬರ ನಿಂತಿರುವುದೇ ಎರೆಹುಳದ ಮೇಲೆ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಭಯವೇ ಎಂದು ಕೆಲವರು ಕೇಳಬಹುದು. ನಮ್ಮ ಜಿಲ್ಲೆಯವರು ಹಾಗೆ ಕೇಳಲಾರರು. 1970ರ ದಶಕದ ಕೊನೆಯಿಂದ 2000ದ ವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗಲೂ ಅದು ಅಪಾಯವಿಲ್ಲದ ಮದ್ದೆಂದೇ ನಮಗೆ ಹೇಳಿದ್ದರು. ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಅಷ್ಟರೊಳಗೆ ಎಷ್ಟು ಮನೆಗಳಲ್ಲಿ ಹಾಸಿಗೆ ಬಿಟ್ಟೇಳದ ಮಕ್ಕಳಿದ್ದರೆಂಬುದನ್ನು ಇಲ್ಲಿ ಬರೆಯಬೇಕಾಗಿಲ್ಲ. ತೊಟ್ಟೆಯನ್ನೂ ಎಂಡೋಸಲ್ಫಾನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ನಾವು ಹಾಗೆ ತೂಗುವುದಿಲ್ಲ. ಆದರೆ ಮಣ್ಣಿಗೆ ಹಾಕುವ ಮೊದಲು ಕೇಳಬೇಕು, ಹಾಕಿದ ಮೇಲಲ್ಲ ಎಂಬ ಪಾಠವನ್ನು ನಾವು ಬಹಳ ದೊಡ್ಡ ಬೆಲೆ ತೆತ್ತು ಕಲಿತಿದ್ದೇವೆ.

ಈ ಪ್ರಶ್ನೆಯನ್ನು ನಮ್ಮದೇ ವಸ್ತುಗಳಿಗೂ ಕೇಳಬೇಕು. ನಮ್ಮ ಅಡಿಕೆ ಹಾಳೆಯ ತಟ್ಟೆ ಮಣ್ಣಿನಲ್ಲಿ ನಿಜವಾಗಿ ಕರಗುತ್ತದೆ. ಆದರೂ 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಅಡಿಕೆಯಲ್ಲಿರುವ ಅರೆಕೋಲಿನ್‌ನಂಥ ವಸ್ತುಗಳು ಆಹಾರಕ್ಕೆ ಇಳಿಯಬಹುದೆಂದು ಹೇಳಿ, ಆ ತಟ್ಟೆಗಳಿಗೆ ತನ್ನಲ್ಲಿ ಅನುಮತಿಯಿಲ್ಲವೆಂದು ತಿಳಿಸಿತು. ಹಾಳೆ ಮಾರುವ ನಮ್ಮ ಕುಟುಂಬಗಳಿಗೆ ಇದು ನೋವಿನ ಸುದ್ದಿ. ಕೋಪಗೊಳ್ಳುವ ಬದಲು ಸರಿಯಾದ ಪರೀಕ್ಷೆ ಮಾಡಿಸಿ ಉತ್ತರ ಕೊಡೋಣ. ನಮ್ಮ ಹಾಳೆಗೆ ಅನ್ವಯಿಸುವ ನಿಷ್ಠುರತೆ ಕಂಪೆನಿಯ ಕಣಕ್ಕೂ ಅನ್ವಯಿಸಲಿ. ಯುರೋಪಿನಲ್ಲಿ ಆಹಾರ ಮುಟ್ಟುವ ಪ್ಲಾಸ್ಟಿಕ್‌ಗೆ ನ್ಯಾನೋ ರೂಪದ ವಸ್ತು ಬಳಸಬೇಕಾದರೆ ಅದಕ್ಕೆ ಹೆಸರು ಹಿಡಿದು ಬೇರೆಯೇ ಅನುಮತಿ ಬೇಕು. ಕಣದ ಹೆಸರನ್ನು ತೊಟ್ಟೆಯ ಮೇಲೆ ಅಚ್ಚು ಹಾಕಿಸುವ ನಿಯಮ ನಮ್ಮಲ್ಲಿ ಬರಲಿ.

ಅದು ಬರುವ ತನಕ ನಾವು ಮಾಡಬಹುದಾದದ್ದು ಇಷ್ಟು. 'ಬಯೋ', 'ಇಕೋ', 'ಆಕ್ಸೋ' ಎಂಬ ಶಬ್ದಗಳಿಗೆ ಮರುಳಾಗಬೇಡಿ. ಆಕ್ಸೋ ಎಂಬುದು ಸಾಮಾನ್ಯ ಪ್ಲಾಸ್ಟಿಕನ್ನು ಚೂರುಚೂರು ಮಾಡುವ ಉಪಾಯ ಮಾತ್ರ. ಯುರೋಪಿನ ಒಕ್ಕೂಟ ಅದನ್ನು 2021ರಲ್ಲಿ ನಿಷೇಧಿಸಿತು. ಕಾಂಪೋಸ್ಟೇಬಲ್ ತೊಟ್ಟೆ ಮಾರುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಪಡೆದಿರಬೇಕು; ಅದರ ಸಂಖ್ಯೆ ಕೇಳಿ. ನಾವು ಕೇಳಿರಲಿಲ್ಲ, ಅದು ನಮ್ಮ ತಪ್ಪು. ಪ್ರಮಾಣಪತ್ರ ಇದ್ದರೂ ಅದನ್ನು ಅಡಿಕೆ, ತೆಂಗಿನ ಬುಡಕ್ಕೆ ಹೂಳಬೇಡಿ, ಒಲೆಗೂ ಹಾಕಬೇಡಿ. ಹರಿತ ಕರ್ಮ ಸೇನೆಯ ಸಹೋದರಿಯರು ಬಂದಾಗ ಬೇರೆ ಪ್ಲಾಸ್ಟಿಕಿನೊಂದಿಗೆ ಬೆರೆಸದೆ, ಇದು ಬೇರೆ ಬಗೆಯದೆಂದು ಹೇಳಿ ಕೊಡಿ. ಬೆರೆತರೆ ಮರುಬಳಕೆಯ ಪ್ಲಾಸ್ಟಿಕ್ ಕೆಡುತ್ತದೆ.

ಬರುವ ಸಾಂತ್‌ಮಾರಿಗೆ ನಾವು ಕರಗುವ ತೊಟ್ಟೆಯನ್ನೂ ತರಿಸುವುದಿಲ್ಲ. ಬಾಳೆ ಎಲೆ ನಮ್ಮ ತೋಟದಲ್ಲಿದೆ, ಸ್ಟೀಲಿನ ಲೋಟ ಇಗರ್ಜಿಯ ಕಪಾಟಿನಲ್ಲಿದೆ. ತೊಳೆಯುವ ಕೆಲಸವನ್ನು ವಾಡೆಗೊಂದು ಪಾಳಿಯಂತೆ ಹಂಚಿಕೊಳ್ಳಲು ಗುರಿಕಾರರು ಒಪ್ಪಿದ್ದಾರೆ. ಮೊದಲ ಪಾಳಿಯಲ್ಲಿ ನಾವೂ ಇರುತ್ತೇವೆ. ಹಾರೆ ಹಿಡಿದಿದ್ದ ಆ ಹಿರಿಯರಿಗೆ ಇದೇ ನಮ್ಮ ಉತ್ತರ.