ಹವಳಕ್ಕೆ ‘ಅಡ್ಜಸ್ಟ್’ ಹೇಳುವವರಿಗೆ

ಮಹಾನಗರಗಳ ಸ್ಥಿತಿವಂತರ ಮನೆಗಳಲ್ಲಿ ಕಡಲ ನೀರಿನ ಗಾಜಿನ ತೊಟ್ಟಿ ಈಗ ಪ್ರತಿಷ್ಠೆಯ ವಸ್ತುವಾಗಿದೆ. ಬರಿಯ ಮೀನುಗಳಿಂದ ತೃಪ್ತಿಯಾಗದವರು ನೀಲಿ ದೀಪದಡಿ ಹೊಳೆಯುವ ಹವಳಗಳನ್ನು ತಂದಿಡುತ್ತಿದ್ದಾರೆ. ಅದನ್ನು ಎಲ್ಲಿಡಬೇಕೆಂದು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ‘ಕಣ್ಣಿಗೆ ಚೆಂದ ಕಂಡಲ್ಲಿ ಇಡಿ, ನಾಲ್ಕು ದಿನದಲ್ಲಿ ಅಡ್ಜಸ್ಟ್ ಆಗುತ್ತದೆ.’ ಲೋಕಲ್ ರೈಲಿನಲ್ಲಿ ಮೂವರ ಆಸನದ ತುದಿಗೆ ನಾಲ್ಕನೆಯವರಾಗಿ ಕೂತು ಬಂದ ನಮಗೆ ಈ ಪದ ಹೊಸದಲ್ಲ. ಆದರೆ ರೈಲಿನಲ್ಲಿ ಒತ್ತಿಕೊಂಡು ಕೂತವರು ಮುಂದಿನ ನಿಲ್ದಾಣದಲ್ಲಿ ಇಳಿದುಹೋಗಬಹುದು. ಕಲ್ಲಿಗೆ ಅಂಟಿದ ಹವಳ ಎಲ್ಲಿ ಇಳಿಯಬೇಕು? ಈ ಸಲಹೆಯನ್ನು ನಾವು ಅಜ್ಞಾನವೆಂದಷ್ಟೇ ಅಲ್ಲ, ಹಿಂಸೆಯೆಂದೂ ಕರೆಯುತ್ತೇವೆ.

ಹವಳವೆಂದೊಡನೆ ನಮ್ಮ ಭಾಷೆಗೆ ನೆನಪಾಗುವುದು ನವರತ್ನಗಳಲ್ಲೊಂದಾದ ಕೆಂಪು ಮಣಿ, ಮುತ್ತಿನ ಜೊತೆ ಪೋಣಿಸಿದ ಸರ, ಹೆಣ್ಣಿನ ತುಟಿಗೆ ಕೊಟ್ಟ ಹೋಲಿಕೆ. ಆ ಮಣಿ ಸತ್ತ ಜೀವಿಯ ಅಸ್ಥಿ. ಬದುಕಿರುವ ಹವಳ ಕಲ್ಲೂ ಅಲ್ಲ, ಗಿಡವೂ ಅಲ್ಲ. ಬಾಯಿ ಮತ್ತು ಕರಬಳ್ಳಿಗಳುಳ್ಳ ಪ್ರಾಣಿ. ಅದರ ಲಾರ್ವಾ ನೀರಿನಲ್ಲಿ ಈಜುತ್ತದೆ. ಬೆಳಕನ್ನು ಗ್ರಹಿಸುತ್ತದೆ, ಬಂಡೆಯ ಮೇಲಿನ ಸುಣ್ಣಗಟ್ಟಿದ ಕೆಂಪು ಪಾಚಿಯ ಸುಳಿವು ಹಿಡಿಯುತ್ತದೆ, ಆಮೇಲೆ ಒಂದೆಡೆ ನೆಲೆಯೂರುತ್ತದೆ. ಬಹುತೇಕ ಹವಳಗಳ ಬಾಳಿನಲ್ಲಿ ಜಾಗದ ಆಯ್ಕೆ ಅದೊಂದೇ ಸಲ. ತೊಟ್ಟಿಯ ಬಂಡೆಗೆ ಅಂಟು ಹಚ್ಚಿ ಹವಳವನ್ನು ಕೂರಿಸುವ ಕೈ ಆ ಆಯ್ಕೆಯನ್ನು ಕಸಿದುಕೊಳ್ಳುತ್ತದೆ. ಆಯ್ಕೆ ಕಸಿದವರು ಹೊಣೆಯನ್ನೂ ಹೊರಬೇಕು; ಸೋಫಾದಿಂದ ಹೇಗೆ ಕಾಣುತ್ತದೆ ಎಂಬ ಲೆಕ್ಕ ಹೊಣೆಗಾರಿಕೆಯಲ್ಲ.

ಮೊದಲು ಬೆಳಕಿನ ಮಾತು. ದಿಬ್ಬ ಕಟ್ಟುವ ಹವಳಗಳ ಮೈಯೊಳಗೆ ಏಕಕೋಶದ ಪಾಚಿಗಳು ವಾಸಿಸುತ್ತವೆ. ಅವು ಬೆಳಕಿನಿಂದ ತಯಾರಿಸುವ ಆಹಾರವೇ ಹವಳದ ಊಟದ ಬಹುಪಾಲು. ಉಷ್ಣವಲಯದ ನಡುಹಗಲಲ್ಲಿ ಕಡಲ ಮೇಲ್ಮೈಗೆ ಬೀಳುವ ಉಪಯುಕ್ತ ಬೆಳಕು, ಚದರ ಮೀಟರಿಗೆ ಸೆಕೆಂಡಿಗೆ ಸುಮಾರು 2000 ಮೈಕ್ರೊಮೋಲ್. ಆಳಕ್ಕೆ ಇಳಿದಂತೆ ಅದು ಕುಗ್ಗುತ್ತದೆ. ಕೆಂಪು ಮೊದಲು ಅಳಿಸಿಹೋಗುತ್ತದೆ, ನೀಲಿ ಬಹಳ ಕೆಳಗಿನವರೆಗೂ ಇಳಿಯುತ್ತದೆ. ಆದ್ದರಿಂದಲೇ ತೊಟ್ಟಿಗಳ ಎಲ್‌ಇಡಿ ದೀಪಗಳಲ್ಲಿ ನೀಲಿಗೆ ಪ್ರಾಧಾನ್ಯ. ಇಲ್ಲಿಯೇ ನಮ್ಮ ಕಣ್ಣು ಮೋಸಹೋಗುತ್ತದೆ. ನೀಲಿ ನಮಗೆ ಮಂಕಾಗಿ ಕಾಣುತ್ತದೆ. ಬೆಳಕು ಸಾಲದೆಂದು ದೀಪವನ್ನು ಏರಿಸುತ್ತೇವೆ. ಹವಳಕ್ಕೆ ಅದಾಗಲೇ ಸಾಕಾಗಿರುತ್ತದೆ. ಬೆಳಕು ಮಿತಿಮೀರಿದಾಗ ಪಾಚಿಯಲ್ಲಿ ವಿಷಕಾರಿ ಆಮ್ಲಜನಕ ರೂಪಗಳು ಹುಟ್ಟುತ್ತವೆ, ಹವಳ ಪಾಚಿಯನ್ನು ಹೊರದಬ್ಬುತ್ತದೆ, ಬಿಳುಚಿಕೊಳ್ಳುತ್ತದೆ. ಕಡಿಮೆಯಾದರೆ ಬಣ್ಣ ಕಂದುತ್ತದೆ, ತಿಂಗಳುಗಟ್ಟಲೆ ಸದ್ದಿಲ್ಲದೆ ಉಪವಾಸ ನಡೆಯುತ್ತದೆ.

ಬೇರೆ ದೇಶಗಳಲ್ಲಿ ದಶಕಗಳಿಂದ ಹವಳ ಸಾಕಿದವರ ಅನುಭವದಿಂದ ಮೂಡಿದ ಸ್ಥೂಲ ಅಳತೆಗಳಿವೆ. ಅಣಬೆಯಾಕಾರದ ಮೆತ್ತನೆಯ ಜಾತಿಗಳಿಗೆ 50ರಿಂದ 100 ಮೈಕ್ರೊಮೋಲ್, ಉದ್ದನೆಯ ಕರಬಳ್ಳಿಗಳ ಯೂಫಿಲಿಯಕ್ಕೆ 100ರಿಂದ 150, ಕವಲೊಡೆದು ಬೆಳೆಯುವ ಅಕ್ರೊಪೋರಕ್ಕೆ 200ರಿಂದ 350. ಅಂದರೆ ಮೊದಲಿನದು ತೊಟ್ಟಿಯ ಕೆಳಭಾಗದಲ್ಲಿ, ಕೊನೆಯದು ಬಂಡೆಯ ನೆತ್ತಿಯಲ್ಲಿ. ಟ್ಯುಬಾಸ್ಟ್ರಿಯ ಎಂಬ ಕಿತ್ತಳೆ ಬಣ್ಣದ ಹವಳಕ್ಕೆ ‘ಸೂರ್ಯ ಹವಳ’ವೆಂಬ ಹೆಸರಿದೆ, ಆದರೆ ಅದರ ಮೈಯಲ್ಲಿ ಪಾಚಿಯೇ ಇಲ್ಲ, ಅದಕ್ಕೆ ಬೇಕಾದದ್ದು ಬಂಡೆಯ ನೆರಳು ಮತ್ತು ಕೈಯಾರೆ ಉಣಿಸುವ ಆಹಾರ. ಹೆಸರು ಕೇಳಿ ಅದನ್ನು ದೀಪದಡಿ ಇಟ್ಟು ಉಣಿಸಲು ಮರೆತರೆ ಅದು ಹಸಿವಿನಿಂದಲೇ ಸಾಯುತ್ತದೆ.

ಬೆಳಕಿನ ಬಗ್ಗೆ ಇಷ್ಟಾದರೂ ಚರ್ಚೆಯಿದೆ. ನೀರಿನ ಹರಿವಿನ ಬಗ್ಗೆ ಅದೂ ಇಲ್ಲ, ಏಕೆಂದರೆ ಅದು ಫೋಟೋದಲ್ಲಿ ಕಾಣುವುದಿಲ್ಲ. ಹವಳಕ್ಕೆ ಓಡಾಟವಿಲ್ಲವಾದ್ದರಿಂದ ನೀರೇ ಅದರ ಬಳಿಗೆ ಓಡಾಡಬೇಕು. ಮೈಗೆ ಅಂಟಿಕೊಂಡ ನೀರಿನ ತೆಳುಪದರ ಕದಲದೆ ನಿಂತರೆ ಉಸಿರಾಟದ ಅನಿಲಗಳ ವಿನಿಮಯ ಕುಂಠಿತವಾಗುತ್ತದೆ, ಲೋಳೆ ಮತ್ತು ಕಸ ಮೈಮೇಲೆಯೇ ಉಳಿಯುತ್ತವೆ, ತೇಲಿಬರುವ ಆಹಾರ ತಪ್ಪುತ್ತದೆ. ಹಾಗೆಂದು ಪಂಪಿನ ಬಾಯಿಯನ್ನು ನೇರವಾಗಿ ಅದರತ್ತ ತಿರುಗಿಸುವುದು ಇನ್ನೊಂದು ಕ್ರೌರ್ಯ: ಯೂಫಿಲಿಯದಂಥ ಜಾತಿಗಳ ಮೃದು ಮಾಂಸ ಒಂದೇ ಸಮನೆ ಬಡಿಯುವ ಧಾರೆಗೆ ಅಸ್ಥಿಯಿಂದ ಕಿತ್ತುಬರುತ್ತದೆ. ಕಡಲಲ್ಲಿ ನೀರು ಹೋಗುತ್ತದೆ, ಬರುತ್ತದೆ, ಸುಳಿಯುತ್ತದೆ. ತೊಟ್ಟಿಯಲ್ಲಿಯೂ ಎದುರುಬದುರು ಪಂಪುಗಳು ಸರದಿಯಂತೆ ನಡೆದು ಅಂಥ ಅಸ್ಥಿರ ಹರಿವು ಹುಟ್ಟಬೇಕು. ಮೆತ್ತನೆಯ ಹವಳಗಳಿಗೆ ತೊಟ್ಟಿಯ ಒಟ್ಟು ನೀರು ಗಂಟೆಗೆ ಹತ್ತಿಪ್ಪತ್ತು ಬಾರಿ ಸುತ್ತಿದರೆ ಸಾಕು; ಅಕ್ರೊಪೋರಕ್ಕೆ ನಲವತ್ತು, ಐವತ್ತು ಬಾರಿಯೂ ಬೇಕಾಗುತ್ತದೆ. ಎರಡನ್ನೂ ಒಂದೇ ಪುಟ್ಟ ತೊಟ್ಟಿಯಲ್ಲಿಟ್ಟು ‘ಎಲ್ಲವೂ ಇದೆ’ ಎಂದು ಹೆಮ್ಮೆಪಡುವವರು ಯಾವುದೋ ಒಂದನ್ನು ಪೀಡಿಸುತ್ತಿದ್ದಾರೆ.

ನೆರೆಹೊರೆಯ ಪ್ರಶ್ನೆಯೂ ಇದೆ. ಗ್ಯಾಲಕ್ಸಿಯ ಎಂಬ ಹವಳ ಉದ್ದನೆಯ ಕುಟುಕು ಕರಬಳ್ಳಿಗಳನ್ನು ಚಾಚಿ ಪಕ್ಕದ ಹವಳವನ್ನು ಸುಡುತ್ತದೆ. ಕೆಲವು ಮೆತ್ತನೆಯ ಹವಳಗಳು ನೀರಿಗೆ ವಿಷ ಬಿಟ್ಟು ಇತರರ ಬೆಳವಣಿಗೆ ತಡೆಯುತ್ತವೆ. ಹಗಲು ಹೂದೋಟದಂತೆ ಕಾಣುವುದು ರಾತ್ರಿ ರಣರಂಗವಾಗಬಹುದು.

‘ಆದರೂ ಹವಳಗಳು ಹೊಂದಿಕೊಳ್ಳುತ್ತವಲ್ಲ?’ ಎಂಬ ಪ್ರಶ್ನೆ ಬರುತ್ತದೆ. ಹೊಂದಿಕೊಳ್ಳುತ್ತವೆ, ನಿಜ. ತಮ್ಮೊಳಗಿನ ಪಾಚಿಯ ಪ್ರಮಾಣವನ್ನೂ ಅದರ ವರ್ಣದ್ರವ್ಯವನ್ನೂ ಬದಲಿಸಿಕೊಳ್ಳುವ ಶಕ್ತಿ ಅವಕ್ಕಿದೆ. ಆದರೆ ಅದಕ್ಕೆ ವಾರಗಳು ಬೇಕು, ಅದಕ್ಕೊಂದು ಮಿತಿಯೂ ಇದೆ. ಬಲ್ಲವರು ಹೊಸ ಹವಳವನ್ನು ಮಂದ ಬೆಳಕಿನಲ್ಲಿ ಕೆಳಗಿಟ್ಟು, ವಾರದಿಂದ ವಾರಕ್ಕೆ ಮೇಲೇರಿಸುವುದು ಇದೇ ಕಾರಣಕ್ಕೆ. ಹೊಂದಿಕೊಳ್ಳುವ ಶಕ್ತಿ ಹವಳದ ಗುಣ. ಅದನ್ನು ನಮ್ಮ ಸೋಮಾರಿತನದ ಸಮರ್ಥನೆಯಾಗಿ ಬಳಸಿಕೊಳ್ಳುವ ಹಕ್ಕು ನಮಗಿಲ್ಲ.

‘ಮನೆಯಲ್ಲಿ ಬೆಳೆಸಿದರೆ ಕಡಲಿನ ಹವಳ ಉಳಿಯುತ್ತದೆ’ ಎಂಬುದು ಇನ್ನೊಂದು ವಾದ. ತುಂಡರಿಸಿ ಬೆಳೆಸುವ ವಿದ್ಯೆ ಹಾಳಾದ ದಿಬ್ಬಗಳ ಪುನಶ್ಚೇತನಕ್ಕೂ ನೆರವಾಗುತ್ತಿದೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ದೇಶದ ಮಾತು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ ಮತ್ತು ಕಡಲ ಬೀಸಣಿಗೆಗಳು ಸೇರಿದವು. ಹುಲಿ ಇರುವುದೂ ಅದೇ ಅನುಸೂಚಿಯಲ್ಲಿ. ಹುಲಿಮರಿಯನ್ನು ಮನೆಯ ಅಂದಕ್ಕೆ ಕಟ್ಟಿಹಾಕಿದವನನ್ನು ಕಂಡು ಹೌಹಾರುವ ನಾವು, ಗಾಜಿನೊಳಗಿನ ಹವಳದ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತೇವೆ. ಕೂಗಲಾರದ ಪ್ರಾಣಿಗೆ ಇರುವ ಶಿಕ್ಷೆ ಇದು.

ಇದು ಬರಿಯ ತೊಟ್ಟಿಯ ಜಗಳವಲ್ಲ. ಮುಂಬಯಿಯ ಹಾಜಿ ಅಲಿ ಮತ್ತು ವರಳಿಯ ಬಂಡೆಗಳ ಮೇಲೂ ಹವಳಗಳಿವೆಯೆಂಬುದು ಈ ಊರಿನಲ್ಲಿ ತಲೆಮಾರುಗಳಿಂದ ಬಾಳಿದ ಎಷ್ಟೋ ಕನ್ನಡಿಗರಿಗೆ ತಿಳಿದದ್ದು, ಕರಾವಳಿ ರಸ್ತೆಗಾಗಿ 2020ರಲ್ಲಿ ಅವುಗಳಲ್ಲಿ ಕೆಲವನ್ನು ಬೇರೆಡೆಗೆ ಸಾಗಿಸಿದಾಗ. ಸಾಗಿಸಿದ ವಿಜ್ಞಾನಿಗಳ ಶ್ರದ್ಧೆಯ ಮೇಲೆ ನಮ್ಮ ತಕರಾರಿಲ್ಲ. ‘ಎಲ್ಲಿಟ್ಟರೂ ಬದುಕುತ್ತವೆ ಬಿಡಿ’ ಎಂದು ಪತ್ರಿಕೆ ಮಡಚಿಟ್ಟ ನಮ್ಮ ಉದಾಸೀನದ ಮೇಲಿದೆ. ಒಂದು ತೀರವನ್ನು ತುಂಬಿದಾಗ ಅಲ್ಲಿನ ನೀರಿನ ಹರಿವು ಬದಲಾಗುತ್ತದೆ. ಹೂಳು ಎದ್ದಾಗ ಬೆಳಕು ಬದಲಾಗುತ್ತದೆ. ತೊಟ್ಟಿಯ ಪಂಪನ್ನು ಹಿಂದಕ್ಕೆ ತಿರುಗಿಸಬಹುದು, ಕಡಲನ್ನು ತಿರುಗಿಸಲಾಗದು.

ನಮ್ಮ ನಿಲುವು ಇಷ್ಟು. ಕಾಯಿದೆ ರಕ್ಷಿಸುವ ಹವಳವನ್ನು ಯಾರೂ ಕೊಳ್ಳಬಾರದು, ಉಡುಗೊರೆಯಾಗಿ ಬಂದರೂ ಒಪ್ಪಬಾರದು. ಆ ಪಟ್ಟಿಯ ಹೊರಗಿನ ಜೀವಿಗಳನ್ನು ಕಾನೂನಿನಂತೆ ಸಾಕುವವರು ಮೊದಲು ಬೆಳಕನ್ನು ಮೀಟರಿನಲ್ಲಿ ಅಳೆಯಲಿ, ಹರಿವನ್ನು ಗಮನಿಸಲಿ, ಆಮೇಲೆ ಜೀವಿಯನ್ನು ತರಲಿ. ವಿದ್ಯುತ್ ಹೋದಾಗ ಪಂಪು ನಡೆಸುವ ಏರ್ಪಾಡಿಲ್ಲದಿದ್ದರೆ ತರುವುದೇ ಬೇಡ. ಹವಳವನ್ನು ನೋಡಲೇಬೇಕೆಂಬ ಆಸೆಯಿದ್ದವರಿಗೆ ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ನಮ್ಮದೇ ಕಡಲಿದೆ. ಅಲ್ಲಿ ಹವಳ ತಾನೇ ಆಯ್ದ ಜಾಗದಲ್ಲಿ ಕೂತಿದೆ. ಹೊಂದಿಕೊಳ್ಳುವ ಸರದಿ ನಮ್ಮದು: ಉಸಿರು ಹಿಡಿದು, ಕೈಕಟ್ಟಿ, ಮುಟ್ಟದೆ ನೋಡುವುದು.